ಅಂಗಳದ ಹೂವು ಬಾಣಲೆಗೆ ಬಂದ ಬಗೆ

ಗೇರುಸೊಪ್ಪದ ನಮ್ಮ ಮನೆಯಂಗಳದಲ್ಲಿ ಮಳೆ ಕಳೆದ ಮೇಲೆ ಸೂರ್ಯಕಾಂತಿ ಅರಳುತ್ತದೆ. ಅಡಿಕೆ, ತೆಂಗಿನ ಈ ಶರಾವತಿ ದಂಡೆಯಲ್ಲಿ ಅದು ಬರೀ ಚೆಂದದ ಹೂಗಿಡ. ಬೀಜ ಬಲಿತರೆ ಗಿಳಿಗಳ ಪಾಲು. ಆದರೆ ಒಳಗೆ ಹಲಸಿನ ಹಪ್ಪಳ ಕರಿಯುವುದು ಅದೇ ಹೂವಿನ ಎಣ್ಣೆಯಲ್ಲಿ. ಅಂಗಳದಿಂದ ಒಲೆಗೆ ಹತ್ತು ಹೆಜ್ಜೆ. ಹೂವು ಆ ದಾರಿ ಸವೆಸಲು ನಾನೂರು ವರ್ಷ ಹಿಡಿಯಿತು.

ಉತ್ತರ ಅಮೆರಿಕದ ಮೂಲನಿವಾಸಿಗಳಿಗೆ ಅದು ಮೊದಲಿಂದಲೂ ಆಹಾರವೇ. 16ನೇ ಶತಮಾನದಲ್ಲಿ, ಇಲ್ಲಿ ಗೇರುಸೊಪ್ಪದ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸಿಗೆ ಪೋರ್ಚುಗೀಸರು ಬಾಯಿ ಬಿಡುತ್ತಿದ್ದ ಕಾಲದಲ್ಲೇ, ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ಅಲ್ಲದು ಉದ್ಯಾನದ ಅಲಂಕಾರವಾಯಿತು. 1829ರಲ್ಲಿ ರಷ್ಯಾದ ಬೊಕಾರೆವ್ ಎಂಬ ಜೀತದಾಳು ಕೈಗಾಣದಲ್ಲಿ ಅದರ ಬೀಜ ಹಿಂಡಿ ಎಣ್ಣೆ ತೆಗೆದ. 20ನೇ ಶತಮಾನದಲ್ಲಿ ಅಲ್ಲಿಯೇ ದುಡಿದ ಪುಸ್ತೊವೊಯ್ತ್ ಒಂದೊಂದು ಹೂವಿನ ಬೀಜವನ್ನೂ ಬೇರೆಯಾಗಿಟ್ಟು, ಅರ್ಧ ಬಿತ್ತಿ, ಅರ್ಧ ಎತ್ತಿಟ್ಟು, ಬೆಳೆ ನೋಡಿ ಆಯ್ದುಕೊಂಡ. ವರ್ಷಗಟ್ಟಲೆ ಇದೇ ಕೆಲಸ. ಬೀಜದ ಮೂರನೇ ಒಂದು ಪಾಲಿನಷ್ಟಿದ್ದ ಎಣ್ಣೆ ಅರ್ಧಕ್ಕೇರಿತು. 1969ರಲ್ಲಿ ಭಾರತಕ್ಕೆ ಬಂದ ಪೆರೆಡೊವಿಕ್ ಮುಂತಾದ ತಳಿಗಳು ಆ ದುಡಿಮೆಯ ಫಲ.

ಆದರೂ ಒಂದು ತೊಡಕು ಉಳಿದಿತ್ತು. ಎರಡು ತಳಿ ಕೂಡಿಸಿದ ಹೈಬ್ರಿಡ್ ಬೇಕೆಂದರೆ ತಾಯಿ ಗಿಡಕ್ಕೆ ತನ್ನದೇ ಪರಾಗ ಸೋಕಬಾರದು. ಸೂರ್ಯಕಾಂತಿಯನ್ನು ಹತ್ತಿರ ಹಿಡಿದು ನೋಡಿ: ಅದು ಒಂದು ಹೂವಲ್ಲ, ನೂರಾರು ಪುಟ್ಟ ಹೂಗಳ ತಟ್ಟೆ. ಅಂಚಿನಿಂದ ನಡುವಿಗೆ ಸುತ್ತುಸುತ್ತಾಗಿ ಅರಳುತ್ತವೆ. ಮೊದಲು ಹಳದಿ ಪುಡಿ ಉಕ್ಕುತ್ತದೆ, ಆಮೇಲೆ ಕವಲೊಡೆದ ಶಲಾಕೆ ಇಣುಕುತ್ತದೆ. ಇಷ್ಟೂ ಹೂಗಳ ಪರಾಗವನ್ನು ಹೊಲದ ತುಂಬ ಕೈಯಿಂದ ತೆಗೆಯುವುದು ಆಗುವ ಮಾತೇ?

ಈ ತೊಡಕನ್ನು ಬಿಡಿಸಿದ್ದು ಒಂದು ಕಾಡುಗಿಡ. ಫ್ರಾನ್ಸಿನ ಲೆಕ್ಲರ್ಕ್ ಕಾಡು ಸೂರ್ಯಕಾಂತಿಯನ್ನು ನಾಡತಳಿಯೊಡನೆ ಕೂಡಿಸಿದಾಗ ಹುಟ್ಟಿದ ಮರಿಗಳಲ್ಲಿ ಕೆಲವು ಪರಾಗವನ್ನೇ ಕೊಡಲಿಲ್ಲ. ಬೇರೆಯವರು ಕಿತ್ತೆಸೆಯುತ್ತಿದ್ದ ಗಿಡಗಳವು. ಆತ ಉಳಿಸಿಕೊಂಡ, 1969ರಲ್ಲಿ ಪ್ರಕಟಿಸಿದ. ಆದರೆ ರೈತನ ಹೊಲದಲ್ಲಿ ಪರಾಗವಿಲ್ಲದ ಬೆಳೆ ಬರೀ ಜೊಳ್ಳು. ಮರುವರ್ಷ ಅಮೆರಿಕದ ಕಿನ್ಮನ್, ಆ ಬಂಜೆತನವನ್ನು ಮುಂದಿನ ಪೀಳಿಗೆಯಲ್ಲಿ ನೀಗುವ ಗಂಡುತಳಿಯನ್ನು ಗುರುತಿಸಿದ.

ಈ ಎರಡೂ ಬಗೆಯ ತಳಿಗಳನ್ನು ನಮ್ಮ ಮಣ್ಣಿಗೆ ಒಗ್ಗಿಸಿದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ. ಅಲ್ಲಿನ ಎ. ಸೀತಾರಾಂ ಅವರ ಶ್ರಮದಿಂದ 1980ರಲ್ಲಿ ಬಿಎಸ್‌ಎಚ್-1 ಹೊರಬಂತು: ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್. ತಾಯಿ 234ಎ, ತಂದೆ ಆರ್‌ಎಚ್‌ಎ-274. ಇದು ಕನ್ನಡ ನಾಡಿನ ಹೆಮ್ಮೆ; ಶಾಲೆಯ ಪುಸ್ತಕದಲ್ಲಿರಬೇಕಿತ್ತು ಎಂದೇ ನನ್ನ ಅನಿಸಿಕೆ.

ಹೈಬ್ರಿಡ್ ಬಂದರೂ ಬಯಲುಸೀಮೆಯ ಎರೆಹೊಲಗಳಲ್ಲಿ ಇಂದಿಗೂ ಕಾಳು ಕಟ್ಟುವುದು ಜೇನಿನಿಂದ. ಜೇನು ಕಡಿಮೆಯಾದ ಕಡೆ ರೈತರು ಬೆಳಗಿನ ಹೊತ್ತು ಅಂಗೈಗೆ ತೆಳು ಬಟ್ಟೆ ಸುತ್ತಿಕೊಂಡು, ಒಂದು ಹೂವಿನ ಮುಖ ಸವರಿ ಇನ್ನೊಂದನ್ನು ಸವರುತ್ತ ಸಾಲು ದಾಟುತ್ತಾರೆ.