ಜನಗಣತಿಯಲ್ಲಿ ಮಾತೃಭಾಷೆ

2001ರ ಜನಗಣತಿಯಲ್ಲಿ ಮಹಾರಾಷ್ಟ್ರದೊಳಗೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 12.5 ಲಕ್ಷ ಮಂದಿ. 2011ರಲ್ಲಿ ಆ ಸಂಖ್ಯೆ ಸುಮಾರು 10 ಲಕ್ಷಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ದೇಶದಾದ್ಯಂತ ಕನ್ನಡಿಗರ ಸಂಖ್ಯೆ 3.79 ಕೋಟಿಯಿಂದ 4.37 ಕೋಟಿಗೆ ಏರಿತ್ತು. ಎರಡೂವರೆ ಲಕ್ಷ ಮಂದಿ ಗಂಟುಮೂಟೆ ಕಟ್ಟಿ ಊರಿಗೆ ಮರಳಿದರೆಂದು ನಂಬುವುದು ಕಷ್ಟ. ತಲೆಮಾರು ಬದಲಾದಂತೆ ಉತ್ತರವೂ ಬದಲಾಗಿರಬೇಕೆಂಬುದು ನನ್ನ ಊಹೆ.

ಜನಗಣತಿಯ ದೃಷ್ಟಿಯಲ್ಲಿ ಮಾತೃಭಾಷೆ ಯಾವುದು? 2011ರಲ್ಲಿ ಗಣತಿದಾರರಿಗೆ ನೀಡಿದ ಸೂಚನೆಯಂತೆ, ಬಾಲ್ಯದಲ್ಲಿ ತಾಯಿಯು ನಮ್ಮೊಡನೆ ಆಡಿದ ಭಾಷೆಯೇ ನಮ್ಮ ಮಾತೃಭಾಷೆ. ತಾಯಿ ನಮ್ಮ ಶೈಶವದಲ್ಲೇ ತೀರಿಕೊಂಡಿದ್ದರೆ, ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಶಾಲೆಯ ಮಾಧ್ಯಮವಾಗಲಿ, ವಾಸಿಸುವ ರಾಜ್ಯವಾಗಲಿ ಇದನ್ನು ನಿರ್ಧರಿಸದು. ತಾಯಿ ಕನ್ನಡದಲ್ಲಿ ಮಾತನಾಡಿಸಿ ಬೆಳೆಸಿದ ಮಗನಿಗೆ ಕನ್ನಡ ಓದಲು ಬರೆಯಲು ಬಾರದಿದ್ದರೂ ಆತನ ಮಾತೃಭಾಷೆ ಕನ್ನಡವೇ. ಮನೆಮಂದಿಯೆಲ್ಲರದೂ ಒಂದೇ ಭಾಷೆಯೆಂದು ಗಣತಿದಾರರು ಭಾವಿಸಕೂಡದು. ಹೇಳಿದುದನ್ನು ಹೇಳಿದಂತೆಯೇ ದಾಖಲಿಸಬೇಕು.

ಆದರೆ ನಮ್ಮ ಮನೆಗಳಲ್ಲಿ ಉತ್ತರಿಸುವವರು ಹೆಚ್ಚಾಗಿ ಒಬ್ಬರೇ. ಮನೆಯವರೆಲ್ಲರ ಅರ್ಜಿಗಳನ್ನು ಯಜಮಾನರೊಬ್ಬರೇ ತುಂಬಿಸಿ ತರುವುದನ್ನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ವರ್ಷಗಳಿಂದ ಕಂಡಿದ್ದೇನೆ. ಮರಾಠಿ ಮನೆಯಿಂದ ಬಂದ ಸೊಸೆಯ ಮಾತೃಭಾಷೆ ಮದುವೆಯಿಂದ ಬದಲಾಗದು. ಇನ್ನು ಕನ್ನಡತಿಯಾದ ತಾಯಿಯೇ ಮಗುವಿನೊಡನೆ ಹಿಂದಿಯಲ್ಲಿ ಮಾತ್ರ ಮಾತನಾಡಿದರೆ, ಈ ವ್ಯಾಖ್ಯೆಯಂತೆ ಆ ಮಗುವಿನ ಮಾತೃಭಾಷೆ ಹಿಂದಿ. ಇದು ಕಹಿ, ಅಭಿಮಾನದಿಂದ ಬೇರೆ ಬರೆಸಿದರೆ ಅದು ಸುಳ್ಳು.

ಮುಂಬಯಿಯ ತುಳುವರಿಗೆ ಇನ್ನೊಂದು ಸಂದೇಹ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ. ತುಳುವೆಂದು ಬರೆಸಿದರೆ ಕನ್ನಡಕ್ಕೆ ದ್ರೋಹವೆ? ಖಂಡಿತ ಅಲ್ಲ. ಜನಗಣತಿಯು ತುಳುವನ್ನು ಪ್ರತ್ಯೇಕ ಭಾಷೆಯಾಗಿಯೇ ಎಣಿಸುತ್ತದೆ. 2011ರಲ್ಲಿ ಹಾಗೆ ಬರೆಸಿದವರು 18.46 ಲಕ್ಷ ಮಂದಿ. ಮಾತೃಭಾಷೆಯಲ್ಲದೆ ಬಲ್ಲ ಇತರ ಎರಡು ಭಾಷೆಗಳನ್ನು ಹೇಳಲೂ ಆಗ ಅವಕಾಶವಿತ್ತು. ಮಾತನಾಡಿ ಅರ್ಥಮಾಡಿಕೊಳ್ಳಬಲ್ಲವರಾದರೆ ಸಾಕು. ಈ ಪ್ರಶ್ನೆಗೆ ಅವಸರದಲ್ಲಿ ಹಿಂದಿ, ಇಂಗ್ಲಿಷ್ ಎಂದುಬಿಡುವ ಕನ್ನಡ ಬಲ್ಲ ತುಳುವರು ಕೊಂಚ ಯೋಚಿಸಬೇಕು.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಹೊರನಾಡಿನ ಕನ್ನಡ ಶಾಲೆಗಳ ಪರವಾಗಿ ಮನವಿ ಹಿಡಿದು ಹೋದಾಗ ಎದುರಾಗುವ ಮೊದಲ ಪ್ರಶ್ನೆ, ‘ನೀವೆಷ್ಟು ಜನ?’ ಎಂಬುದೇ.

2021ರ ಜನಗಣತಿ ಕೋವಿಡ್‌ನಿಂದಾಗಿ ಮುಂದೂಡಲ್ಪಟ್ಟಿತು. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯು ಹಿಮಾವೃತ ಪ್ರದೇಶಗಳನ್ನುಳಿದು ದೇಶಕ್ಕೆಲ್ಲ 2027ರ ಮಾರ್ಚ್ 1ನ್ನು ಗಣನೆಯ ದಿನವಾಗಿ ಗೊತ್ತುಪಡಿಸಿದೆ. 2011ರಲ್ಲಿ ಮಾತೃಭಾಷೆಯ ಪ್ರಶ್ನೆಯನ್ನು ಕೇಳಿದ್ದು ಮನೆಪಟ್ಟಿಯ ಹಂತದಲ್ಲಲ್ಲ, ಅನಂತರದ ಜನರ ಎಣಿಕೆಯಲ್ಲಿ.