ನೆರೆಹೊರೆ ಮತ್ತು ಪೌರಜೀವನ: ಮುಂಬಯಿ ಕನ್ನಡಿಗರ ಸಂದರ್ಭದಲ್ಲಿ

ಕನ್ನಡದ ‘ನೆರೆ’ ಎಂಬ ಶಬ್ದಕ್ಕೆ ಪಕ್ಕ ಎಂಬ ಅರ್ಥವಿದೆ; ಒಟ್ಟುಗೂಡು ಎಂಬ ಅರ್ಥವಿದೆ; ಪ್ರವಾಹ ಎಂಬ ಅರ್ಥವೂ ಇದೆ. ಹಳಗನ್ನಡದಲ್ಲಿ ‘ತುಂಬು’ ಎಂಬ ಅರ್ಥದ ‘ನೆಱೆ’ಗೆ ಶಕಟರೇಫವಿದ್ದುದರಿಂದ ಇವೆಲ್ಲವನ್ನೂ ಒಂದೇ ಧಾತುವಿಗೆ ಕಟ್ಟುವುದು ಸಲ್ಲದು. ಆದರೆ ಇಂದಿನ ಬಳಕೆಯಲ್ಲಿ ಒಂದೇ ರೂಪ ತಳೆದಿರುವ ಈ ಶಬ್ದಗಳು 2005ರ ಜುಲೈ 26ರಂದು ಮುಂಬಯಿಯಲ್ಲಿ ಒಂದೇ ಅನುಭವವಾಗಿ ಕೂಡಿಬಂದವು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ರೈಲುಗಳು ನಿಂತವು, ರಸ್ತೆಗಳು ಮುಳುಗಿದವು. ನೆಂಟರಾಗಲಿ ಭಾಷಾಬಾಂಧವರಾಗಲಿ ತಲುಪಲಾರದ ಆ ಹೊತ್ತಿನಲ್ಲಿ ನೆರವಾದವರು ಪಕ್ಕದ ಬಾಗಿಲಿನವರು, ಹೆಸರೂ ತಿಳಿಯದ ಬೀದಿಯವರು. ನಗರದಲ್ಲಿ ನೆರೆಹೊರೆಯೆಂದರೇನು, ಅದು ಪೌರಜೀವನಕ್ಕೆ ಹೇಗೆ ಆಧಾರವಾಗುತ್ತದೆ, ಹೊರನಾಡ ಕನ್ನಡಿಗರಿಗೆ ಅದರಲ್ಲಿ ಯಾವ ಪಾತ್ರವಿದೆ ಎಂಬ ಪ್ರಶ್ನೆಗಳನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲಾಗಿದೆ.

ಮುಂಬಯಿ ಕನ್ನಡಿಗರ ಸಾರ್ವಜನಿಕ ಜೀವನದ ಚರಿತ್ರೆಯೆಂದರೆ ಬಹುಮಟ್ಟಿಗೆ ಸಂಘ ಸಂಸ್ಥೆಗಳ ಚರಿತ್ರೆ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಸ್ಥಾಪನೆಗೊಂಡವು. ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ಈ ಸಂಸ್ಥೆಗಳು ಜಾತಿ, ಊರು, ಭಾಷೆಗಳ ನಂಟನ್ನು ಆಧರಿಸಿದ್ದವು. ಅಪರಿಚಿತ ನಗರದಲ್ಲಿ ಅಂಥ ಆಸರೆ ಅನಿವಾರ್ಯವೇ ಆಗಿತ್ತು. ಆದರೆ ಅವುಗಳ ಸದಸ್ಯರು ನಗರದ ಉದ್ದಗಲಕ್ಕೆ ಚದುರಿದವರು. ಡೊಂಬಿವಲಿಯವರೂ ಮಾಟುಂಗದವರೂ ಒಂದೇ ಸಭಾಂಗಣದಲ್ಲಿ ಕೂಡಬಹುದು; ಆದರೆ ಅವರ ನಲ್ಲಿಯ ನೀರು ಒಂದಲ್ಲ, ಅವರ ಬೀದಿಯ ಕಸ ಒಂದಲ್ಲ. ಸಂಘ ಮನಸ್ಸಿನ ನೆರೆ. ಬೀದಿ ನೆಲದ ನೆರೆ. ಇವೆರಡರ ಅಂತರವೇ ನಮ್ಮ ಮುಂದಿರುವ ಸಮಸ್ಯೆ.

ನೆಲದ ನೆರೆಗೆ ಮುಂಬಯಿ ಕೊಟ್ಟ ವಿಶಿಷ್ಟ ರೂಪ ಚಾಳು. ಒಂದು ಕೋಣೆಯ ಸಂಸಾರ, ಎಲ್ಲ ಕೋಣೆಗಳಿಗೂ ಹೊಂದಿದ ಉದ್ದನೆಯ ಮೊಗಸಾಲೆ, ಸಾಮಾನ್ಯ ನಲ್ಲಿ, ಸಾಮಾನ್ಯ ಶೌಚಾಲಯ. ಅಲ್ಲಿ ಪರಿಚಯ ಆಯ್ಕೆಯಾಗಿರಲಿಲ್ಲ. ಕಟ್ಟಡವೇ ಅದನ್ನು ಒದಗಿಸುತ್ತಿತ್ತು. ನೀರಿನ ಸರದಿ ನಿಶ್ಚಯಿಸುವುದು, ಗಣೇಶೋತ್ಸವಕ್ಕೆ ವಂತಿಗೆ ಎತ್ತುವುದು, ಜಗಳ ಬಿಡಿಸುವುದು, ಇವೆಲ್ಲ ಪೌರಜೀವನದ ಮೊದಲ ಪಾಠಗಳು. ಈ ಬಾಳನ್ನು ವೈಭವೀಕರಿಸಬೇಕಾಗಿಲ್ಲ. ಇಕ್ಕಟ್ಟು, ಕೊಳಕು, ಖಾಸಗಿತನದ ಅಭಾವಗಳ ಭಾರ ಹೆಚ್ಚಾಗಿ ಬಿದ್ದುದು ಹೆಂಗಸರ ಮೇಲೆ. 1920ರ ದಶಕದಲ್ಲಿ ಕಟ್ಟಲಾದ ವರಳಿಯ ಬಿ.ಡಿ.ಡಿ. ಚಾಳುಗಳ ನಿವಾಸಿಗಳಿಗೆ 160 ಚದರ ಅಡಿಯ ಕೋಣೆಯ ಬದಲಿಗೆ 500 ಚದರ ಅಡಿಯ ಮನೆಗಳನ್ನು ಕೊಡುವ ಕಾರ್ಯ 2025ರಲ್ಲಿ ಆರಂಭವಾದಾಗ ಅವರು ಸಂತೋಷಪಟ್ಟುದು ಸಹಜವೇ. ಆದರೆ ಬಹುಮಹಡಿ ಕಟ್ಟಡದಲ್ಲಿ ಮೊಗಸಾಲೆಯ ಜಾಗಕ್ಕೆ ಲಿಫ್ಟು ಬರುತ್ತದೆ. ಹಿಂದೆ ಕಟ್ಟಡ ತಾನೇ ಮಾಡುತ್ತಿದ್ದ ಕೆಲಸವನ್ನು ಇನ್ನು ಮನುಷ್ಯರು ಸಂಕಲ್ಪಪೂರ್ವಕವಾಗಿ ಮಾಡಬೇಕಾಗುತ್ತದೆ.

ಈ ಸಂಕಲ್ಪಕ್ಕೆ ಆಡಳಿತದಲ್ಲಿ ಎಡೆಯೆಷ್ಟು? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡು ಸಮಿತಿಗಳನ್ನು ವಿಧಿಸಿತು. ಆದರೆ ಪ್ರಾತಿನಿಧ್ಯದ ಪ್ರಮಾಣವನ್ನು ಗಮನಿಸಬೇಕು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯಿದೆ ಗ್ರಾಮ ಪಂಚಾಯಿತಿಯಲ್ಲಿ ಪ್ರತಿ 400 ಜನರಿಗೆ ಒಬ್ಬ ಸದಸ್ಯನನ್ನು ಕಲ್ಪಿಸಿತು. ಮತದಾರರೆಲ್ಲ ಕೂಡುವ ಗ್ರಾಮಸಭೆಯೂ ಅಲ್ಲಿದೆ. 2011ರ ಜನಗಣತಿಯಂತೆ ಸುಮಾರು 1.24 ಕೋಟಿ ಜನಸಂಖ್ಯೆಯ ಬೃಹನ್ಮುಂಬಯಿಗೆ 227 ನಗರಸೇವಕರು. ಅಂದರೆ ಸರಾಸರಿ 55,000 ಜನರಿಗೆ ಒಬ್ಬರು. ಕರಾವಳಿಯ ಹಳ್ಳಿಯಿಂದ ಬಂದವನು ಊರಿನಲ್ಲಿ ಹೆಸರು ಹಿಡಿದು ಕರೆಯಬಹುದಾದ ಸದಸ್ಯನನ್ನು ಬಿಟ್ಟು, ಮುಖ ಕಾಣುವುದೂ ದುರ್ಲಭವಾದ ಪ್ರತಿನಿಧಿಯ ಆಡಳಿತಕ್ಕೆ ಬರುತ್ತಾನೆ. 2022ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿದ ಬಳಿಕವಂತೂ ಮೂರು ವರ್ಷಕ್ಕೂ ಮಿಕ್ಕಿ ಚುನಾಯಿತ ನಗರಸೇವಕರೇ ಇರಲಿಲ್ಲ.

ಈ ಅಂತರವನ್ನು ತುಂಬಲು ನಡೆದ ಎರಡು ಪ್ರಯತ್ನಗಳು ಉಲ್ಲೇಖನೀಯ. ಘಾಟ್ಕೋಪರಿನ ಓಣಿಯೊಂದರ ನಿವಾಸಿಗಳು ಹಸಿಕಸ, ಒಣಕಸಗಳನ್ನು ತಾವೇ ಬೇರ್ಪಡಿಸಿ ಬೀದಿಯನ್ನು ಶುಚಿಗೊಳಿಸಿದ ಮಾದರಿಯನ್ನು ಅನುಸರಿಸಿ, ಪಾಲಿಕೆ 1997ರಲ್ಲಿ ‘ಅಡ್ವಾನ್ಸ್ಡ್ ಲೊಕ್ಯಾಲಿಟಿ ಮ್ಯಾನೇಜ್‌ಮೆಂಟ್’ ಯೋಜನೆಯನ್ನು ರೂಪಿಸಿತು. ಬೀದಿಯ ನಿವಾಸಿಗಳು ಸಮಿತಿ ರಚಿಸಿ ವಾರ್ಡು ಕಚೇರಿಯಲ್ಲಿ ನೋಂದಾಯಿಸುತ್ತಾರೆ; ಅಧಿಕಾರಿಯೊಬ್ಬರು ಅವರೊಡನೆ ಸಂಪರ್ಕವಿಡುತ್ತಾರೆ. ಇನ್ನೊಂದು, 1992-93ರ ಗಲಭೆಗಳಲ್ಲಿ ಸುಮಾರು 900 ಜನ ಸತ್ತ ಬಳಿಕ ಹುಟ್ಟಿದ ಮೊಹಲ್ಲಾ ಸಮಿತಿಗಳ ಚಳವಳಿ. ಪೊಲೀಸ್ ಆಯುಕ್ತ ಸತೀಶ್ ಸಾಹ್ನಿ, ನಿವೃತ್ತ ಅಧಿಕಾರಿ ಜೂಲಿಯೊ ರಿಬೆರೊ, ಸಮಾಜಸೇವಕಿ ಸುಶೋಭಾ ಬರ್ವೆ ಮೊದಲಾದವರು ಹಿಂದೂ ಮುಸ್ಲಿಂ ನೆರೆಯವರನ್ನೂ ಪೊಲೀಸರನ್ನೂ ಒಂದೆಡೆ ಕೂಡಿಸಿದರು. ಒಂದು ಕಸದಿಂದ ಹುಟ್ಟಿತು, ಇನ್ನೊಂದು ರಕ್ತಪಾತದಿಂದ. ಎರಡರ ತತ್ತ್ವ ಒಂದೇ. ಸಂಕಟ ಬರುವ ಮುನ್ನವೇ ಪರಿಚಯವಿರಬೇಕು. ವದಂತಿ ಹಬ್ಬಿದ ರಾತ್ರಿ ಹೊಸದಾಗಿ ಪರಿಚಯ ಮಾಡಿಕೊಳ್ಳಲಾಗದು. ಇವುಗಳ ಮಿತಿಯೂ ಸ್ಪಷ್ಟ. ಕಾಯಿದೆಯ ಬಲವಿಲ್ಲದೆ ಕೆಲವೇ ಉತ್ಸಾಹಿಗಳ ಹೆಗಲ ಮೇಲೆ ನಿಂತ ಅನೇಕ ಬೀದಿ ಸಮಿತಿಗಳು ಆ ಹೆಗಲು ದಣಿದಾಗ ಕುಸಿದವು.

ಇಲ್ಲಿಯೇ ಕನ್ನಡಿಗರ ಸಂಘಾನುಭವ ಪ್ರಸ್ತುತವಾಗುತ್ತದೆ. ವಾರ್ಷಿಕ ಮಹಾಸಭೆ ನಡೆಸುವುದು, ಲೆಕ್ಕಪತ್ರ ಒಪ್ಪಿಸುವುದು, ಭಿನ್ನಾಭಿಪ್ರಾಯದ ನಡುವೆಯೂ ಸಂಸ್ಥೆಯನ್ನು ಮುಂದಿನ ತಲೆಮಾರಿಗೆ ದಾಟಿಸುವುದು, ಇವು ನಮ್ಮವರು ನೂರು ವರ್ಷಗಳಿಂದ ರೂಢಿಸಿಕೊಂಡ ವಿದ್ಯೆಗಳು. ಬೀದಿ ಸಮಿತಿಗೆ ಕೊರತೆಯಾಗಿರುವುದೂ ಇವೇ. ಸಂಘದಲ್ಲಿ ಕಾರ್ಯದರ್ಶಿಯಾಗಿ ದುಡಿದವರು ತಮ್ಮ ಗೃಹನಿರ್ಮಾಣ ಸೊಸೈಟಿಯ ಸಭೆಗೆ ಹೋಗದಿರುವುದು ಅಪರೂಪವಲ್ಲ. ಅಲ್ಲಿನ ಭಾಷೆ ಮರಾಠಿ ಅಥವಾ ಹಿಂದಿ ಎಂಬ ಸಂಕೋಚವೂ ಇದ್ದೀತು. ಆದರೆ ನೆರೆಯವರ ಭಾಷೆಯಲ್ಲಿ ಮಾತನಾಡುವುದರಿಂದ ಕನ್ನಡ ಕುಗ್ಗುವುದಿಲ್ಲ. ಮನೆಯಲ್ಲಿ ತುಳು ಅಥವಾ ಕೊಂಕಣಿ, ಸಂಘದಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ನುಡಿಯುವ ಮುಂಬಯಿ ಕನ್ನಡಿಗನಿಗೆ ಅದು ಹೊಸತೂ ಅಲ್ಲ.

ನಮ್ಮ ಸಾಹಿತ್ಯ ಈ ವಿಷಯವನ್ನು ಮೊದಲೇ ಗುರುತಿಸಿದೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮಹಾನಗರದಲ್ಲಿ ಒಂಟಿಯಾದವನ ಭಯವನ್ನು ಶೋಧಿಸಿದರೆ, ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಲ್ಲಿ ಅಪರಿಚಿತರೇ ಪರಸ್ಪರ ಆಸರೆಯಾಗುತ್ತಾರೆ. ಈ ಕೃತಿಗಳನ್ನು ಪೌರಜೀವನದ ಅಧ್ಯಯನದೊಂದಿಗೆ ಕೂಡಿಸಿ ಓದುವ ಕೆಲಸ ನಮ್ಮ ವಿದ್ಯಾರ್ಥಿಗಳನ್ನು ಕಾದಿದೆ. ಚಾಳುಗಳು ಪೂರ್ತಿ ಮರೆಯಾಗುವ ಮುನ್ನ ಅಲ್ಲಿ ಬಾಳಿದ ಹಿರಿಯರ ನೆನಪುಗಳನ್ನು ದಾಖಲಿಸುವುದು ಅದರ ಮೊದಲ ಹೆಜ್ಜೆಯಾದೀತು. ಹೊರನಾಡೆಂದು ನಾವು ಕರೆಯುವ ಈ ನಗರ ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ತವರೂರು. ಆ ಊರಿನ ಬೀದಿಗೆ ನಾವು ಅತಿಥಿಗಳಾಗಿ ಉಳಿಯದೆ ನೆರೆಯವರಾದಾಗಲೇ ನಮ್ಮ ಸಂಘಗಳ ನೂರು ವರ್ಷದ ದುಡಿಮೆ ಸಾರ್ಥಕವಾಗುತ್ತದೆ.