ಹಸಿ ತರಕಾರಿ: ಹೇಳಿದರೆ ಸಾಲದು, ತಿಂದು ತೋರಿಸಬೇಕು

ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಬಡಾವಣೆಗಳ ಉದ್ಯಾನಗಳ ಬಾಗಿಲಲ್ಲಿ ಬೆಳಗಿನ ಹೊತ್ತು ತರಕಾರಿ ರಸ, ಮೊಳಕೆಕಾಳು ಮಾರುವವರನ್ನು ನೀವು ನೋಡಿರಬಹುದು. ನಡಿಗೆ ಮುಗಿಸಿದ ಹಿರಿಯರು ಒಂದು ಲೋಟ ಸೋರೆಕಾಯಿ ರಸವನ್ನೋ ಬೂದುಗುಂಬಳದ ರಸವನ್ನೋ ಕುಡಿದು, ಒಂದು ಹಿಡಿ ಮೊಳಕೆ ಹೆಸರುಕಾಳು ತಿಂದು ಮನೆಗೆ ಮರಳುತ್ತಾರೆ. ಅದೇ ಮನೆಯಲ್ಲಿ ಊಟಕ್ಕೆ ಕುಳಿತ ಮಗು ಕೋಸಂಬರಿಯಲ್ಲಿರುವ ಕ್ಯಾರೆಟ್ ತುರಿಯನ್ನು ಎಳೆ ಎಳೆಯಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಸರಿಸುತ್ತಿರುತ್ತದೆ. "ತಿನ್ನು ಮರಿ, ಕಣ್ಣಿಗೆ ಒಳ್ಳೆಯದು" ಎಂದು ಅಜ್ಜ ಹೇಳುತ್ತಾರೆ. ಮಾತು ಕಿವಿಗೆ ಬೀಳುತ್ತದೆ, ಕ್ಯಾರೆಟ್ ಬಾಯಿಗೆ ಹೋಗುವುದಿಲ್ಲ. ಏಕೆ?

ಅಜ್ಜ ಬೆಳಿಗ್ಗೆ ತಿಂದದ್ದನ್ನು ಮಗು ನೋಡಿಯೇ ಇಲ್ಲ ಎಂಬುದು ಒಂದು ಕಾರಣ. ಇದು ತಮಾಷೆಯ ಮಾತಲ್ಲ. ಹೊಸ ಆಹಾರವನ್ನು ಕಂಡರೆ ಹಿಂಜರಿಯುವುದು ಎಳೆಯ ಮಕ್ಕಳ ಸಹಜ ಗುಣ. ನಡೆಯಲು ಕಲಿತು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನಲ್ಲಿ ಈ ಹಿಂಜರಿಕೆ ಮಗುವನ್ನು ವಿಷಸಸ್ಯಗಳಿಂದ ಕಾಪಾಡಿರಬೇಕು ಎಂದು ಜೀವವಿಜ್ಞಾನಿಗಳು ಊಹಿಸುತ್ತಾರೆ. ಹಿಂಜರಿಕೆಯನ್ನು ಕಳೆಯುವ ಉಪಾಯವೂ ಪ್ರಕೃತಿಯಲ್ಲೇ ಇದೆ: ತನ್ನವರು ಅದನ್ನು ತಿಂದು ಸುಖವಾಗಿರುವುದನ್ನು ಕಣ್ಣಾರೆ ಕಾಣುವುದು.

ಹಾರ್ಪರ್ ಮತ್ತು ಸ್ಯಾಂಡರ್ಸ್ ಎಂಬ ಸಂಶೋಧಕರು 1975ರಲ್ಲಿ ಇದನ್ನು ಪರೀಕ್ಷಿಸಿದರು. ಮಕ್ಕಳಿಗೆ ಹೊಸ ತಿನಿಸೊಂದನ್ನು ಎರಡು ರೀತಿಯಲ್ಲಿ ಕೊಡಲಾಯಿತು. ಒಮ್ಮೆ ದೊಡ್ಡವರು ಅದನ್ನು ಕೊಟ್ಟರು ಅಷ್ಟೆ. ಇನ್ನೊಮ್ಮೆ ಕೊಡುತ್ತಲೇ ತಾವೂ ತಿಂದರು. ಎರಡನೆಯ ಸಂದರ್ಭದಲ್ಲಿ ಹೆಚ್ಚು ಮಕ್ಕಳು ತಿನಿಸನ್ನು ಬಾಯಿಗೆ ಹಾಕಿಕೊಂಡವು. ಅಪರಿಚಿತರಿಗಿಂತ ತಾಯಿಯ ಪ್ರಭಾವ ಹೆಚ್ಚಾಗಿತ್ತು. 2005ರಲ್ಲಿ ನಡೆದ ಮತ್ತೊಂದು ಪ್ರಯೋಗದಲ್ಲಿ, ಎದುರಿಗೆ ಕುಳಿತ ದೊಡ್ಡವರು ಮಗುವಿನ ತಟ್ಟೆಯಲ್ಲಿದ್ದ ಬಣ್ಣದ ತಿನಿಸನ್ನೇ ತಿಂದಾಗ ಮಾತ್ರ ಮಗು ಹೆಚ್ಚು ತಿಂದಿತು. ಬೇರೆ ಬಣ್ಣದ್ದನ್ನು ತಿಂದಾಗ ಅಂಥ ಪರಿಣಾಮ ಕಾಣಲಿಲ್ಲ. ಅಂದರೆ ಅಪ್ಪ ಚಕ್ಕುಲಿ ತಿನ್ನುತ್ತ ಮಗನಿಗೆ ಸೌತೆಕಾಯಿ ಮುಂದೆ ಮಾಡಿದರೆ ನಡೆಯದು.

ಅಮೆರಿಕದ ಲಿಯಾನ್ ಬರ್ಚ್ ಅವರ ಎರಡು ಪ್ರಯೋಗಗಳೂ ಉಪಯುಕ್ತ. 1980ರಲ್ಲಿ ಅವರು, ಒಂದು ತರಕಾರಿಯನ್ನು ಇಷ್ಟಪಡದ ಮಗುವನ್ನು ಅದನ್ನೇ ಇಷ್ಟಪಡುವ ಮೂರು ನಾಲ್ಕು ಮಕ್ಕಳ ನಡುವೆ ಊಟಕ್ಕೆ ಕೂರಿಸಿದರು. ನಾಲ್ಕು ದಿನಗಳಲ್ಲಿ ಮಗುವಿನ ಆಯ್ಕೆ ಬದಲಾಯಿತು. ಬದಲಾದದ್ದು ಕೆಲವು ವಾರಗಳ ನಂತರವೂ ಉಳಿದಿತ್ತು. 1984ರ ಪ್ರಯೋಗ ನಮ್ಮ ಅನೇಕ ಮನೆಗಳಿಗೆ ನೇರವಾಗಿ ಅನ್ವಯಿಸುತ್ತದೆ. ಒಂದು ಹೊಸ ಪಾನೀಯವನ್ನು ಕುಡಿದರೆ ಬಹುಮಾನ ಕೊಡುತ್ತೇವೆಂದು ಮಕ್ಕಳಿಗೆ ಹೇಳಲಾಯಿತು. ಮಕ್ಕಳು ಕುಡಿದರು, ಬಹುಮಾನ ಪಡೆದರು. ಆದರೆ ಆ ಪಾನೀಯದ ಮೇಲಿನ ಇಷ್ಟ ಮೊದಲಿಗಿಂತ ಕಡಿಮೆಯಾಯಿತು. "ಕ್ಯಾರೆಟ್ ತಿಂದರೆ ಚಾಕೊಲೇಟ್" ಎಂದಾಗ ಮಗು ಕಲಿಯುವ ಪಾಠ, ಕ್ಯಾರೆಟ್ ಒಂದು ಶಿಕ್ಷೆ ಎಂಬುದು.

ಇನ್ನು ಮಾದರಿ ಹುಟ್ಟಿಗೆ ಮುಂಚೆಯೇ ಆರಂಭವಾಗಬಲ್ಲದು! ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸಿರಿನ ಕೊನೆಯ ತಿಂಗಳುಗಳಲ್ಲಿ ಅಥವಾ ಹಾಲೂಡಿಸುವಾಗ ಕೆಲವು ವಾರ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು, ಮುಂದೆ ಕ್ಯಾರೆಟ್ ಬೆರೆಸಿದ ಗಂಜಿ ತಿನ್ನುವಾಗ ಮುಖ ಸಿಂಡರಿಸಿದ್ದು ಕಡಿಮೆ. ಗರ್ಭಜಲಕ್ಕೂ ಎದೆಹಾಲಿಗೂ ತಾಯಿಯ ಊಟದ ವಾಸನೆ ಇಳಿಯುತ್ತದೆ.

ಕೋಸಂಬರಿಯೊಳಗೆ ಏನಿದೆ?

ಹಾಗಾದರೆ ತಿಂದು ತೋರಿಸಬೇಕಾದದ್ದು ಏನನ್ನು? ಇದಕ್ಕೆ ಪರದೇಶದ ಸಲಾಡ್ ಪುಸ್ತಕಗಳನ್ನು ಹುಡುಕಬೇಕಿಲ್ಲ. ಬಾಳೆಲೆಯ ತುದಿಯಲ್ಲಿ ಮೊದಮೊದಲೇ ಬಡಿಸುವ ಕೋಸಂಬರಿ, ರಾಮನವಮಿಯಂದು ಬಸವನಗುಡಿ, ಜಯನಗರದ ಬೀದಿಬೀದಿಗಳಲ್ಲಿ ಪಾನಕ, ನೀರುಮಜ್ಜಿಗೆಯ ಜೊತೆ ಹಂಚುವ ಅದೇ ಕೋಸಂಬರಿ, ಹಸಿ ಆಹಾರದ ಒಳ್ಳೆಯ ಮಾದರಿ. ಅದರ ಒಂದೊಂದು ಅಂಶಕ್ಕೂ ವಿಜ್ಞಾನದ ವಿವರಣೆ ಇದೆ.

ಮೊದಲು ಹೆಸರುಬೇಳೆ. ಸಿಪ್ಪೆ ತೆಗೆದು ಒಡೆದ ಬೇಳೆಯಾದ್ದರಿಂದ ಗಂಟೆ ಎರಡು ಗಂಟೆಯಲ್ಲೇ ನೀರು ಹೀರಿ ಮೆತ್ತಗಾಗುತ್ತದೆ. ಹೊಟ್ಟೆಯುಬ್ಬರ ತರುವ ಸಕ್ಕರೆಗಳೂ ಪ್ರೋಟೀನಿನ ಜೀರ್ಣಕ್ರಿಯೆಯನ್ನು ತಡೆಯುವ ವಸ್ತುಗಳೂ ಇತರ ಬೇಳೆಕಾಳುಗಳಿಗೆ ಹೋಲಿಸಿದರೆ ಇದರಲ್ಲಿ ಕಡಿಮೆ. ಅವು ಅಲ್ಪಸ್ವಲ್ಪ ನೆನೆಸಿದ ನೀರಿಗೂ ಬಿಡುತ್ತವೆ. ಆ ನೀರನ್ನು ಬಸಿದು ಚೆಲ್ಲುವುದೇ ಸರಿ.

ನಂತರ ನಿಂಬೆರಸ. ಸಸ್ಯಾಹಾರದ ಕಬ್ಬಿಣ ನಮ್ಮ ಕರುಳಿಗೆ ಸುಲಭವಾಗಿ ದಕ್ಕುವ ರೂಪದಲ್ಲಿ ಇರುವುದಿಲ್ಲ. ನಿಂಬೆಯ ವಿಟಮಿನ್ 'ಸಿ' ಅದನ್ನು ಫೆರಿಕ್ ರೂಪದಿಂದ ಫೆರಸ್ ರೂಪಕ್ಕೆ ತಂದು ಹೀರಿಕೆಯನ್ನು ಹೆಚ್ಚಿಸುತ್ತದೆ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ವಿಟಮಿನ್ 'ಸಿ' ಬಿಸಿಗೆ ನಾಶವಾಗುತ್ತದೆ, ಬೇಯಿಸಿದ ನೀರಿಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಒಲೆಗೆ ಸಂಬಂಧವಿಲ್ಲದ ಕೋಸಂಬರಿಗೆ ನಿಂಬೆ ಹಿಂಡುವುದು ಅದನ್ನು ಪಡೆಯುವ ಒಳ್ಳೆಯ ದಾರಿ.

ಕ್ಯಾರೆಟ್ಟಿನ ಕಥೆ ಸ್ವಲ್ಪ ಬೇರೆ. ಅದರ ಬೀಟಾ ಕ್ಯಾರೊಟಿನ್ ನಮ್ಮ ದೇಹದಲ್ಲಿ ವಿಟಮಿನ್ 'ಎ' ಆಗುತ್ತದೆ. ಆದರೆ ಅದು ಗಟ್ಟಿಯಾದ ಕೋಶಭಿತ್ತಿಗಳ ಒಳಗೆ ಸೆರೆಯಾಗಿರುತ್ತದೆ, ಮೇಲಾಗಿ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಮಾತ್ರ ಕರಗುತ್ತದೆ. ತುರಿದಾಗ ಕೋಶಭಿತ್ತಿಗಳು ಒಡೆಯುತ್ತವೆ. ತೆಂಗಿನತುರಿ ಮತ್ತು ಒಗ್ಗರಣೆಯ ಎಣ್ಣೆ ಬೇಕಾದ ಕೊಬ್ಬನ್ನು ಒದಗಿಸುತ್ತವೆ. 2004ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಕೊಬ್ಬಿಲ್ಲದ ಸಲಾಡ್ ತಿಂದವರ ರಕ್ತಕ್ಕೆ ಕ್ಯಾರೊಟಿನ್ ಸೇರಿದ್ದು ಬಹುತೇಕ ಸೊನ್ನೆ. 'ಎಣ್ಣೆ ಬೇಡ' ಎಂದು ಒಗ್ಗರಣೆಯನ್ನು ಪೂರ್ತಿ ಬಿಟ್ಟವರು ಇದನ್ನು ಯೋಚಿಸಬೇಕು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು, ಕ್ಯಾರೆಟ್, ಸಿಹಿಗುಂಬಳ, ಸೊಪ್ಪುಗಳನ್ನು ಬೇಯಿಸಿದಾಗ ದೇಹಕ್ಕೆ ಸಿಗಬಲ್ಲ ಬೀಟಾ ಕ್ಯಾರೊಟಿನ್ ಹೆಚ್ಚುತ್ತದೆ ಎಂದು ಪ್ರಯೋಗಶಾಲೆಯಲ್ಲಿ ತೋರಿಸಿದ್ದಾರೆ. ಹಾಗಾಗಿ ಕೋಸಂಬರಿಯ ಪಕ್ಕದಲ್ಲೇ ಕ್ಯಾರೆಟ್ ಪಲ್ಯಕ್ಕೂ ಜಾಗವಿರಲಿ.

ಮೂಲಂಗಿ, ಎಲೆಕೋಸು, ನವಿಲುಕೋಸುಗಳ ಸಂಗತಿ ಇದಕ್ಕೆ ತಿರುವುಮುರುವು. ಇವನ್ನು ಕತ್ತರಿಸಿದಾಗ ಕೋಶಗಳಲ್ಲಿ ಬೇರೆ ಬೇರೆಯಾಗಿದ್ದ ಗ್ಲುಕೋಸಿನೊಲೇಟ್ ಎಂಬ ಸಂಯುಕ್ತಗಳೂ ಮೈರೋಸಿನೇಸ್ ಎಂಬ ಕಿಣ್ವವೂ ಸೇರುತ್ತವೆ. ಮೂಗಿಗೆ ಹೊಡೆಯುವ ಘಾಟು ಹುಟ್ಟುವುದು ಆಗ. ಘಾಟಿನ ಈ ವಸ್ತುಗಳಿಗೆ ಕ್ಯಾನ್ಸರ್ ತಡೆಯುವ ಗುಣವಿರಬಹುದೆಂದು ಸಂಶೋಧನೆ ನಡೆದಿದೆ. ಬೇಯಿಸಿದರೆ ಕಿಣ್ವ ಕೆಡುತ್ತದೆ, ಘಾಟೂ ಹೋಗುತ್ತದೆ.

ಸೌತೆಕಾಯಿಯ ಸುಮಾರು ಶೇಕಡಾ 95 ಭಾಗ ನೀರು. ಉಪ್ಪು ಬಿದ್ದೊಡನೆ ಅಭಿಸರಣೆಯಿಂದ ಈ ನೀರು ಹೊರಗೆ ಬರುತ್ತದೆ. ಬಡಿಸುವ ಮುನ್ನವಷ್ಟೇ ಉಪ್ಪು ಹಾಕಬೇಕೆಂದು ಅಡುಗೆಯವರು ಹೇಳುವುದು ಇದಕ್ಕೇ.

ಬೆಂಕಿಯನ್ನು ಬಿಡಲಾಗದ ಕಡೆ

ಕೋಸಂಬರಿ ಒಳ್ಳೆಯದಾದರೆ ಎಲ್ಲ ಕಾಳುಗಳೂ ಹಸಿಯಾಗಿ ಒಳ್ಳೆಯವೇ? ಖಂಡಿತ ಅಲ್ಲ. ವಿಶ್ವೇಶ್ವರಪುರದ ಸಜ್ಜನ್ ರಾವ್ ವೃತ್ತದ ಬಳಿ ಹಲವು ವರ್ಷ ನಡೆದು ಮುಂದೆ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂದ ಅವರೆಬೇಳೆ ಮೇಳವನ್ನು ನೆನೆಯಿರಿ. ಅಲ್ಲಿ ಅವರೆಯನ್ನು ಬೇಯಿಸಿ, ಹುರಿದು, ಕರಿದು ಬಗೆಬಗೆಯಾಗಿ ಕೊಡುತ್ತಾರೆ. ಬಲಿತ ಅವರೆಕಾಳಿನಲ್ಲಿ ಸಯನೈಡ್ ಬಿಡುಗಡೆ ಮಾಡಬಲ್ಲ ಸಂಯುಕ್ತಗಳೂ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ವಸ್ತುಗಳೂ ಇರುತ್ತವೆ. ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿದರೆ ಅಪಾಯವಿಲ್ಲ. ರಾಜ್ಮಾ ಇನ್ನೂ ಕಟು: ನಾಲ್ಕೈದು ಹಸಿ ಕಾಳುಗಳೇ ವಾಂತಿ ಭೇದಿ ತರಿಸಲು ಸಾಕು. ಅದರಲ್ಲಿರುವ ಲೆಕ್ಟಿನ್ ಕುದಿಯುವ ನೀರಿನಲ್ಲಿ ನಾಶವಾಗುತ್ತದೆ, ಸಣ್ಣ ಉರಿಯಲ್ಲಿ ಬೆಚ್ಚಗೆ ಇಟ್ಟರೆ ಆಗುವುದಿಲ್ಲ. ಸೋಯಾ ಕಾಳನ್ನೂ ಹಸಿಯಾಗಿ ತಿನ್ನಬಾರದು.

ಮೊಳಕೆಕಾಳಿನ ಬಗ್ಗೆ ಒಂದು ಎಚ್ಚರಿಕೆ. ಮೊಳಕೆ ಬರಲು ಬೇಕಾದ ತೇವ, ಬೆಚ್ಚಗಿನ ವಾತಾವರಣ, ಒಂದು ದಿನದ ಸಮಯ, ಇವು ಬ್ಯಾಕ್ಟೀರಿಯಗಳಿಗೂ ಅಷ್ಟೇ ಪ್ರಿಯ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಗಳ ಮೂಲಕ ಹರಡಿದ ಇ. ಕೋಲಿ ಸೋಂಕಿನಿಂದ ಸುಮಾರು 3,800 ಮಂದಿ ಕಾಯಿಲೆ ಬಿದ್ದು, 50ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಶುಚಿಯ ದೇಶದಲ್ಲೇ ಹೀಗಾದ ಮೇಲೆ, ಬೀದಿಯಲ್ಲಿ ತೆರೆದಿಟ್ಟ ಮೊಳಕೆಯನ್ನು ಮಗುವಿಗೆ ಕೊಡುವ ಮುನ್ನ ಯೋಚಿಸುವುದು ಒಳ್ಳೆಯದು. ಮನೆಯಲ್ಲಿ ಮಾಡಿ, ಐದು ನಿಮಿಷ ಆವಿಯಲ್ಲಿ ಬೇಯಿಸಿ ಕೊಟ್ಟರೆ ನಷ್ಟವಾಗುವುದು ಅಲ್ಪ.

ಸೋರೆಕಾಯಿ ರಸದ ವಿಷಯ ಇನ್ನೂ ಗಂಭೀರವಾದುದು. ಸೋರೆ, ಸೌತೆ, ಹೀರೆಗಳ ಕುಟುಂಬದಲ್ಲಿ ಕುಕರ್ಬಿಟಾಸಿನ್ ಎಂಬ ಕಹಿ ವಿಷಗಳು ಇರುತ್ತವೆ. ನಾವು ಬೆಳೆಸುವ ತಳಿಗಳಲ್ಲಿ ಅವು ತೀರ ಕಡಿಮೆ. ಆದರೂ ಒಮ್ಮೊಮ್ಮೆ ಒಂದು ಕಾಯಿ ಕಹಿಯಾಗುತ್ತದೆ. ಕಹಿ ಸೋರೆಯ ರಸ ಕುಡಿದು ರಕ್ತ ವಾಂತಿಯಾಗಿ, ರಕ್ತದೊತ್ತಡ ಕುಸಿದು ಸತ್ತವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಈ ಪ್ರಕರಣಗಳನ್ನು ಪರಿಶೀಲಿಸಿತು; ಅದರ ವರದಿ 2012ರಲ್ಲಿ ಪ್ರಕಟವಾಯಿತು. ಈ ವಿಷಕ್ಕೆ ಪ್ರತಿವಿಷವಿಲ್ಲ. 'ಔಷಧ ಎಂದಮೇಲೆ ಕಹಿ ಇರುವುದೇ' ಎಂದು ಕಣ್ಣುಮುಚ್ಚಿ ಕುಡಿಯುವುದೇ ಇಲ್ಲಿ ಪ್ರಾಣಕ್ಕೆ ಎರವಾಗುವುದು. ಬೇರೆ ರಸಗಳೊಂದಿಗೆ ಬೆರೆಸಿದರೆ ಕಹಿ ನಾಲಿಗೆಗೆ ತಿಳಿಯದೆ ಹೋಗಬಹುದು. ಕತ್ತರಿಸಿದ ಒಂದು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿ ಎನಿಸಿದರೆ ಉಗುಳಿ, ಕಾಯಿಯನ್ನು ಎಸೆಯಬೇಕು. ಬೇಯಿಸಿದರೂ ಈ ಕಹಿ ಹೋಗುವುದಿಲ್ಲ.

ತರಕಾರಿ ಬೆಳೆದ ನೀರು

ವೃಷಭಾವತಿ ನದಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂದು ಪ್ರತೀತಿ. ಇಂದು ಅದು ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ಕೆಂಗೇರಿಯ ಮೂಲಕ ಬಿಡದಿಯ ಬಳಿಯ ಬೈರಮಂಗಲ ಕೆರೆ ಸೇರುತ್ತದೆ. ಇಂಥ ನೀರಿನಲ್ಲಿ ಬೆಳೆದ ಸೊಪ್ಪು ತರಕಾರಿಗಳಲ್ಲಿ ಭಾರಲೋಹಗಳಿರುವುದನ್ನು ಅಧ್ಯಯನಗಳು ತೋರಿಸಿವೆ. ಬೇರಿನಿಂದ ಹೀರಿಕೊಂಡ ಲೋಹ ತೊಳೆದರೆ ಹೋಗದು, ಬೇಯಿಸಿದರೂ ಹೋಗದು. ಸೊಪ್ಪು ಎಲ್ಲಿಂದ ಬಂತೆಂದು ಮಾರುವವರನ್ನು ಕೇಳುವುದು, ತಾರಸಿಯಲ್ಲಿ ನಾಲ್ಕು ಕುಂಡಗಳಲ್ಲಾದರೂ ಕೊತ್ತಂಬರಿ ಬೆಳೆಯುವುದು, ಇವೆರಡೇ ನಮ್ಮ ಕೈಯಲ್ಲಿರುವ ಉಪಾಯ.

ಕೊಳಚೆಯಲ್ಲಿ ಬರುವ ಜೀವಿಗಳ ಕಥೆ ಬೇರೆ; ಅವನ್ನು ಶಾಖ ಕೊಲ್ಲುತ್ತದೆ. ಹಂದಿಯ ಲಾಡಿಹುಳು ಹಂದಿಮಾಂಸ ತಿನ್ನುವವರ ತೊಂದರೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಕರುಳಿನಲ್ಲಿ ಹುಳು ಇರುವ ವ್ಯಕ್ತಿಯ ಮಲದಲ್ಲಿ ಅದರ ಮೊಟ್ಟೆಗಳು ಹೊರಬರುತ್ತವೆ. ಅವು ನೀರಿನಿಂದಲೋ ಕೈಯಿಂದಲೋ ಹಸಿ ತರಕಾರಿಗೆ ಅಂಟಿ ಹೊಟ್ಟೆ ಸೇರಿದರೆ, ಮರಿಗಳು ರಕ್ತದ ಮೂಲಕ ಮಿದುಳಿಗೆ ಹೋಗಿ ಗಂಟುಗಳಾಗುತ್ತವೆ. ನಮ್ಮ ದೇಶದಲ್ಲಿ ಮೂರ್ಛೆರೋಗಕ್ಕೆ ಇದೊಂದು ಮುಖ್ಯ ಕಾರಣ. ಹುಟ್ಟಾ ಸಸ್ಯಾಹಾರಿಗಳಿಗೂ ಇದು ಬರುತ್ತದೆ. ಆದ್ದರಿಂದ ಹಸಿ ತಿನ್ನುವಾಗ ಸಿಪ್ಪೆ ತೆಗೆಯಬಹುದಾದ ಸೌತೆ, ಕ್ಯಾರೆಟ್, ಮೂಲಂಗಿ, ನವಿಲುಕೋಸುಗಳಿಗೆ ಮೊದಲ ಮಣೆ. ಕೋಸಿನ ಹೊರಗಿನ ಎಲೆಗಳನ್ನು ತೆಗೆದು ಉಳಿದವನ್ನು ಬಿಡಿಸಿ ತೊಳೆಯಿರಿ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯುವುದೇ ಮುಖ್ಯ, ಕತ್ತರಿಸುವ ಮೊದಲೇ. ಉಪ್ಪುನೀರಿನಲ್ಲಿ ನೆನೆಸಿದರೆ ರೋಗಾಣುಗಳೆಲ್ಲ ಸಾಯುತ್ತವೆ ಎಂಬುದು ಬರಿಯ ನಂಬಿಕೆ. ಮೂಲ ತಿಳಿಯದ ಸೊಪ್ಪನ್ನು ಬೇಯಿಸಿಯೇ ತಿನ್ನಿ. ಮಗು ನೋಡಿ ಕಲಿಯುವುದು ತಿನ್ನುವುದನ್ನಷ್ಟೇ ಅಲ್ಲ, ಕೈ ತೊಳೆಯುವುದನ್ನೂ.

ಬರೀ ಹಸಿ ತಿಂದರೆ?

ಒಲೆಯನ್ನೇ ಆರಿಸಿಬಿಡೋಣ ಎನ್ನುವವರೂ ಇದ್ದಾರೆ. ಇದನ್ನು ಸ್ವತಃ ಮಾಡಿ ನೋಡಿದವರಲ್ಲಿ ಗಾಂಧೀಜಿ ಪ್ರಮುಖರು. 1927ರಲ್ಲಿ ನಂದಿಬೆಟ್ಟ ಮತ್ತು ಬೆಂಗಳೂರಿನಲ್ಲಿ ತಂಗಿ ಆರೋಗ್ಯ ಸುಧಾರಿಸಿಕೊಂಡಿದ್ದ ಅವರು, 1929ರ ಬೇಸಗೆಯಲ್ಲಿ ಬೆಂಕಿ ಸೋಕದ ಆಹಾರದ ಪ್ರಯೋಗ ಆರಂಭಿಸಿದರು. ಮೊಳಕೆ ಬರಿಸಿದ ಗೋಧಿ ಮತ್ತು ಕಡಲೆ, ಹಸಿ ಸೊಪ್ಪು, ತೆಂಗಿನಕಾಯಿ, ನಿಂಬೆ, ಜೇನು ಅವರ ಊಟ. ಆಶ್ರಮದ ಕೆಲವರು ಜೊತೆಗೂಡಿದರು. ಪ್ರಯೋಗದ ವಿವರಗಳನ್ನು 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಬರೆದರು. ಕೆಲವು ತಿಂಗಳಲ್ಲಿ ನಿಶ್ಶಕ್ತಿ, ಆಮಶಂಕೆ ಕಾಣಿಸಿಕೊಂಡವು. ಪ್ರಯೋಗವನ್ನು ನಿಲ್ಲಿಸಿ ಮತ್ತೆ ಆಡಿನ ಹಾಲಿಗೆ ಮರಳಿದರು. ಅದನ್ನೂ ಓದುಗರಿಗೆ ತಿಳಿಸಿದರು. ತನ್ನನ್ನು ನೋಡಿ ಅನುಸರಿಸುವವರು ಸಾವಿರಾರು ಮಂದಿ ಇದ್ದಾರೆ ಎಂದು ತಿಳಿದಿದ್ದವರು ಮಾಡಬೇಕಾದ ಕೆಲಸವೇ ಅದು. ಇದು ನನಗೆ ಅವರ ಆಹಾರಪ್ರಯೋಗಗಳಲ್ಲೆಲ್ಲ ಹೆಚ್ಚು ವೈಜ್ಞಾನಿಕವಾದ ಭಾಗವಾಗಿ ಕಾಣುತ್ತದೆ.

ಜರ್ಮನಿಯಲ್ಲಿ ಹಸಿ ಆಹಾರವನ್ನೇ ದೀರ್ಘಕಾಲ ನೆಚ್ಚಿಕೊಂಡವರನ್ನು ಕುರಿತು 1999ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ಶೇಕಡಾ 30 ಮಂದಿಗೆ ಮುಟ್ಟು ಭಾಗಶಃ ಅಥವಾ ಪೂರ್ತಿ ನಿಂತಿತ್ತು. ದೇಹದ ತೂಕ ಅತಿಯಾಗಿ ಇಳಿದದ್ದೇ ಕಾರಣ. 2005ರ ಇನ್ನೊಂದು ಅಧ್ಯಯನದಲ್ಲಿ ಶೇಕಡಾ 38 ಮಂದಿಗೆ ವಿಟಮಿನ್ 'ಬಿ12' ಕೊರತೆಯಿತ್ತು. ಸಸ್ಯಗಳು ಈ ವಿಟಮಿನ್ನನ್ನು ತಯಾರಿಸುವುದಿಲ್ಲ. ಹಾಲು, ಮೊಸರುಗಳನ್ನೂ ಬಿಟ್ಟವರು ಅದನ್ನು ಮಾತ್ರೆಯಿಂದಲೋ ಸೇರಿಸಿ ತಯಾರಿಸಿದ ಆಹಾರದಿಂದಲೋ ಪಡೆಯಲೇಬೇಕು. ಬೆಳೆಯುವ ಮಕ್ಕಳಿಗಂತೂ ಬರೀ ಹಸಿ ಆಹಾರ ಸಲ್ಲದು. ಅವರ ಸಣ್ಣ ಹೊಟ್ಟೆ ತುಂಬುತ್ತದೆ, ಶಕ್ತಿ ಸಾಲುವುದಿಲ್ಲ. ಅನ್ನ, ಮುದ್ದೆ, ಸಾರು, ಮಜ್ಜಿಗೆಯ ಜೊತೆ ಒಂದು ಬಟ್ಟಲು ಕೋಸಂಬರಿ ಸಾಕು. ಹಣ್ಣು ತರಕಾರಿಗಳೆಲ್ಲ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದರಲ್ಲಿ ಬೇಯಿಸಿದ್ದೂ ಸೇರುತ್ತದೆ.

ಶಾಲೆಯ ಊಟದ ಡಬ್ಬಿಗೆ ಕೋಸಂಬರಿ ಕಳಿಸಬಹುದೇ? ಬೆಳಿಗ್ಗೆ ಏಳಕ್ಕೆ ಉಪ್ಪು ಬೆರೆಸಿದ ಕೋಸಂಬರಿ ಮಧ್ಯಾಹ್ನದ ಹೊತ್ತಿಗೆ ನೀರು ಬಿಟ್ಟು, ನೆನೆದ ಬೇಳೆ ಹುಳಿಯಾಗಿ, ಸೂಕ್ಷ್ಮಜೀವಿಗಳ ತವರಾಗಿರುತ್ತದೆ. ಅದರ ಬದಲು ತೊಳೆದು ಸಿಪ್ಪೆ ತೆಗೆದ ಸೌತೆ ಅಥವಾ ಕ್ಯಾರೆಟ್ಟಿನ ದಪ್ಪ ತುಂಡುಗಳನ್ನು ಉಪ್ಪಿಲ್ಲದೆ, ಒಣಗಿದ ಡಬ್ಬಿಯಲ್ಲಿ ಬೇರೆಯಾಗಿ ಹಾಕಿ. ತೀರ ಸಣ್ಣ ಮಕ್ಕಳಿಗೆ ಗಟ್ಟಿ ಕ್ಯಾರೆಟ್ ತುಂಡು ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ. ಅವರಿಗೆ ಮನೆಯಲ್ಲೇ ತುರಿದು ಕೊಡಿ. ತುಂಡುಗಳನ್ನು ನಾಲ್ಕು ಹೆಚ್ಚಾಗಿಯೇ ಹಾಕಿ, ಪಕ್ಕದಲ್ಲಿ ಕೂರುವ ಗೆಳೆಯನಿಗೂ ಸಿಗಲಿ.